ಅನುಮಾನಕ್ಕೆ ಮಗುವಿನ ರಕ್ತ ಬೇಡ

2020ರ ಮೇ ಕೊನೆಯಲ್ಲಿ, ಬೆಂಗಳೂರು ಇನ್ನೂ ಲಾಕ್‌ಡೌನ್‌ನ ಬಿಗಿಯಲ್ಲಿದ್ದಾಗ, ಚಾಮರಾಜಪೇಟೆಯ ಪಾಲಿಕೆ ಆಸ್ಪತ್ರೆಯಿಂದ ಆಗತಾನೇ ಹುಟ್ಟಿದ ಕೂಸೊಂದು ಕಳುವಾಯಿತು. ಸುಮಾರು ಒಂದು ವರ್ಷದ ಬಳಿಕ ಪೊಲೀಸರಿಗೆ ಅದು ಸಿಕ್ಕಿದ್ದು ಉತ್ತರ ಕರ್ನಾಟಕದ ಒಂದು ಮನೆಯಲ್ಲಿ. ಬಾಡಿಗೆ ತಾಯಿಯ ಮೂಲಕ ಹುಟ್ಟಿದ ನಿಮ್ಮದೇ ಮಗು ಎಂದು ನಂಬಿಸಿ, ಹಣ ಪಡೆದು, ಆ ದಂಪತಿಯ ಕೈಗೆ ಅದನ್ನು ಇಡಲಾಗಿತ್ತು. ಹೆತ್ತ ತಾಯಿ ತನ್ನ ಮಗುವನ್ನು ಕಂಡದ್ದು ಹುಟ್ಟಿದ ದಿನ ಮಾತ್ರ. ವರ್ಷ ತುಂಬಿದ ಮಗುವಿನ ಮುಖ ನೋಡಿ ಇದು ನನ್ನದೇ ಎಂದು ಅವಳು ಪ್ರಮಾಣ ಮಾಡಿದರೂ ಯಾವ ನ್ಯಾಯಾಲಯವೂ ಅಷ್ಟಕ್ಕೇ ಒಪ್ಪುವಂತಿರಲಿಲ್ಲ. ಆ ಮಾತನ್ನು ಸಾಬೀತು ಮಾಡಿದ್ದು ಡಿಎನ್‌ಎ ಪರೀಕ್ಷೆ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಮಗುವನ್ನು ಹೆತ್ತವಳಿಗೆ ಸೇರಿಸಿದರು. ಅವಳಿಗೆ ಬೇರೆ ಮಕ್ಕಳಿದ್ದಾರಲ್ಲ ಎಂಬ ವಾದ ಬಂದಾಗ, ಎಣಿಸಿ ಹಂಚಿಕೊಳ್ಳಲು ಮಕ್ಕಳು ಸರಕಲ್ಲ ಎಂಬ ಅರ್ಥದಲ್ಲಿ ಅದನ್ನು ತಳ್ಳಿಹಾಕಿದರು. ಬೇರೆ ಬೇರೆ ಧರ್ಮಗಳಿಗೆ ಸೇರಿದ ಆ ಇಬ್ಬರು ತಾಯಂದಿರು ನ್ಯಾಯಾಲಯದಲ್ಲೇ ಒಂದು ಒಪ್ಪಂದಕ್ಕೆ ಬಂದರು: ಮಗು ಹೆತ್ತವಳ ಬಳಿ ಇರಲಿ, ಸಾಕಿದವಳು ಬಯಸಿದಾಗ ಬಂದು ನೋಡಲಿ. ಪ್ರಯೋಗಾಲಯ ಹೇಳಬಹುದಾದದ್ದನ್ನು ಪ್ರಯೋಗಾಲಯ ಹೇಳಿತು, ಉಳಿದದ್ದನ್ನು ಅವರಿಬ್ಬರೂ ತೀರ್ಮಾನಿಸಿಕೊಂಡರು.

ಇದೇ ಪರೀಕ್ಷೆಯನ್ನು ಇದೇ ದಕ್ಷಿಣ ಬೆಂಗಳೂರಿನಲ್ಲಿ ಇನ್ನೊಂದು ಉದ್ದೇಶಕ್ಕೂ ಕೇಳಲಾಗುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ಸಂಸಾರಗಳ ಜಗಳಗಳು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತವೆ. ಜೀವನಾಂಶದ ಅರ್ಜಿಗೆ ಉತ್ತರವಾಗಿ, ಮಗು ನನ್ನದೇ ಎಂಬುದು ಮೊದಲು ಸಾಬೀತಾಗಲಿ ಎಂದು ಗಂಡ ಹೇಳುವುದು ಹೊಸದಲ್ಲ. ರಕ್ತ ತೆಗೆಯುವುದು ಎರಡೂ ಕಡೆ ಒಂದೇ, ಯಂತ್ರವೂ ಒಂದೇ. ಆದರೆ ಮೊದಲ ಪ್ರಕರಣದಲ್ಲಿ ಮಗುವಿಗೆ ತಾಯಿ ಸಿಕ್ಕಳು, ಎರಡನೆಯದರಲ್ಲಿ ಅಪ್ಪನನ್ನು ಕಳೆದುಕೊಳ್ಳುವುದೇ ಮಗುವಿಗೆ ದಕ್ಕುವ ಫಲ. ವಂಶವಾಹಿ ಪರೀಕ್ಷೆಯನ್ನು ಯಾವಾಗ ಮಾಡಬೇಕು, ಯಾವಾಗ ಕೂಡದು ಎಂಬುದಕ್ಕೆ ಅಳತೆಗೋಲು ವಿಜ್ಞಾನದ ನಿಖರತೆಯಲ್ಲಿ ಸಿಗುವುದಿಲ್ಲ. ಕೇಳುತ್ತಿರುವವರು ಯಾರು, ಮಗುವಿಗೆ ಅದರಿಂದ ಏನು ಬರುತ್ತದೆ ಎಂಬ ಪ್ರಶ್ನೆಯಲ್ಲಿ ಸಿಗುತ್ತದೆ. ನ್ಯಾಯಾಲಯಗಳು ನಿಧಾನವಾಗಿ ಈ ಕಡೆಗೇ ಬರುತ್ತಿವೆ. ಸಮಾಜವೂ ಶಾಸನಸಭೆಯೂ ಇನ್ನೂ ಬಂದಿಲ್ಲ.

ಅನುಮಾನ ಎಷ್ಟೋ ಸಲ ಒಂದು ರಕ್ತದ ಗುಂಪಿನ ಕಾರ್ಡಿನಿಂದ ಶುರುವಾಗುತ್ತದೆ. ಬಡಾವಣೆಯ ಯಾವ ಲ್ಯಾಬಿಗೆ ಹೋದರೂ ಐದು ನಿಮಿಷದ ಕೆಲಸ: ಬಿಳಿ ಹೆಂಚಿನ ಮೇಲೆ ಮೂರು ಹನಿ ರಕ್ತ, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ ದ್ರಾವಣ. ಕಡ್ಡಿಯಿಂದ ಕಲಕಿದರೆ ರಕ್ತ ಒಡೆದ ಹಾಲಿನಂತೆ ಗಂಟುಗಟ್ಟುತ್ತದೆ ಇಲ್ಲವೇ ಹಾಗೇ ಉಳಿಯುತ್ತದೆ. ಎ, ಬಿ, ಎಬಿ, ಒ. ಜೊತೆಗೆ ಪಾಸಿಟಿವ್ ಅಥವಾ ನೆಗೆಟಿವ್. ಶಾಲೆಯ ಗುರುತಿನ ಚೀಟಿಗೆಂದು ಮಾಡಿಸಿದ ಈ ಪರೀಕ್ಷೆಯ ಫಲವನ್ನು ಪಿಯುಸಿ ಜೀವವಿಜ್ಞಾನದ ಕೋಷ್ಟಕದೊಂದಿಗೆ ಹೋಲಿಸಿ, ಲೆಕ್ಕ ಕೂಡದಿದ್ದಾಗ ಮನೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಆ ಕೋಷ್ಟಕ ತಪ್ಪೇನಲ್ಲ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದರು. ಅವು ವಂಶಪಾರಂಪರ್ಯವಾಗಿ ಬರುತ್ತವೆ ಎಂಬುದು 1910ರ ಹೊತ್ತಿಗೆ ಸ್ಪಷ್ಟವಾಯಿತು. ಮುಂದೆ ಹಲವು ದಶಕ ಪಿತೃತ್ವದ ಮೊಕದ್ದಮೆಗಳಲ್ಲಿ ನ್ಯಾಯಾಲಯಗಳ ಕೈಯಲ್ಲಿದ್ದ ವಿಜ್ಞಾನ ಇಷ್ಟೇ. ಅದು ಹೇಳಬಲ್ಲದ್ದೂ ಒಂದೇ ಮಾತು: ಈತ ತಂದೆಯಾಗಿರಲಾರ. ಈತನೇ ತಂದೆ ಎಂದು ಅದು ಎಂದೂ ಹೇಳಲಾರದು. ಎಬಿಒ ಒಂದನ್ನೇ ನಂಬಿದರೆ, ಸುಳ್ಳು ಆರೋಪ ಹೊತ್ತ ಐವರಲ್ಲಿ ಒಬ್ಬ ಪಾರಾದರೆ ಹೆಚ್ಚು. ಎಂಎನ್, ಆರ್‌ಎಚ್ ಗುಂಪುಗಳು, ಹ್ಯಾಪ್ಟೊಗ್ಲೋಬಿನ್‌ನಂಥ ಪ್ರೋಟೀನುಗಳು, ಕೆಂಪುಕಣದ ಕಿಣ್ವಗಳು, ಕೊನೆಗೆ ಬಿಳಿಕಣಗಳ ಎಚ್‌ಎಲ್‌ಎ ಗುರುತುಗಳು ಸೇರಿದಂತೆಲ್ಲ ಈ ಜರಡಿಯ ಕಣ್ಣು ಕಿರಿದಾಯಿತು. ಆದರೂ ಒಂದು ಊರಿನಲ್ಲಿ ಒಬ್ಬನನ್ನೇ ಬೆರಳಿಟ್ಟು ತೋರಿಸುವ ಶಕ್ತಿ ಬಂದದ್ದು 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಕೊಂಡ ಮೇಲೆಯೇ.

ಚಾರ್ಲಿ ಚಾಪ್ಲಿನ್ ವಿರುದ್ಧದ ಪಿತೃತ್ವದ ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ತಾಯಿ ಎ ಗುಂಪು, ಮಗು ಬಿ, ಚಾಪ್ಲಿನ್ ಒ. ಮಗುವಿಗೆ ಬಿ ಬರಬೇಕಾದದ್ದು ತಂದೆಯಿಂದ, ಅದು ಚಾಪ್ಲಿನ್‌ನಲ್ಲಿ ಇರಲಿಲ್ಲ. ಹಾಗಿದ್ದೂ 1945ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಅವನೇ ತಂದೆ ಎಂದು ತೀರ್ಮಾನಿಸಿತು. ವಿಜ್ಞಾನವನ್ನು ಕಡೆಗಣಿಸಿದ ತೀರ್ಪು ಎಂದು ಇದನ್ನು ಎಲ್ಲರೂ ಟೀಕಿಸುತ್ತಾರೆ, ಆ ಟೀಕೆ ಸರಿಯೇ. ಆದರೆ ರಕ್ತದ ಗುಂಪನ್ನು ಅತಿಯಾಗಿ ನಂಬಿದರೂ ಅಷ್ಟೇ ದೊಡ್ಡ ಅನ್ಯಾಯವಾಗಬಹುದು, ಅದರಲ್ಲೂ ನಮ್ಮ ನೆಲದಲ್ಲಿ. 1952ರಲ್ಲಿ ಮುಂಬೈಯ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ ಬಾಂಬೆ ರಕ್ತದ ಗುಂಪು ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಕಾಣುತ್ತದೆ. ಯುರೋಪಿನಲ್ಲಿ ಇದು ಹತ್ತು ಲಕ್ಷಕ್ಕೊಂದರ ಮಾತು. ನಮ್ಮಲ್ಲಿ ಮಹಾರಾಷ್ಟ್ರ, ಗೋವಾ, ಕರ್ನಾಟಕದ ಕಡೆ ಹೆಚ್ಚು. ಎ ಮತ್ತು ಬಿ ಗುರುತುಗಳು ಕೆಂಪುಕಣದ ಮೇಲೆ ನಿಲ್ಲಬೇಕಾದರೆ ಮೊದಲು ಎಚ್ ಎಂಬ ತಳಹದಿ ಬೇಕು. ಅದನ್ನು ಕಟ್ಟುವ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟುಬಂದರೆ, ಒಳಗೆ ಎ ಅಥವಾ ಬಿ ವಂಶವಾಹಿ ಇದ್ದರೂ ಹೊರಗೆ ಕಾಣುವುದಿಲ್ಲ. ಬಿಳಿ ಹೆಂಚಿನ ಪರೀಕ್ಷೆ ಅದನ್ನು ಒ ಎಂದೇ ಓದುತ್ತದೆ. ಹೀಗೆ ಎಬಿ ತಂದೆಗೆ ಒ ಮಗು ಹುಟ್ಟಿದಂತೆ ಕಾಣಬಹುದು, ಒ ಎಂದು ಕಾರ್ಡಿನಲ್ಲಿರುವ ತಂದೆತಾಯಿಗೆ ಬಿ ಮಗು ಹುಟ್ಟಬಹುದು. ಎಚ್ ವಿರೋಧಿ ದ್ರಾವಣದಿಂದ ಮತ್ತೊಮ್ಮೆ ಪರೀಕ್ಷಿಸಿದರೆ ಗುಟ್ಟು ಬಯಲಾಗುತ್ತದೆ, ಆದರೆ ಗಲ್ಲಿಯ ಲ್ಯಾಬಿನಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಎರಡೂ ಕಡೆಯಿಂದ ಒಂದೇ ದೋಷ ಬರಲು ರಕ್ತಸಂಬಂಧದ ಮದುವೆ ದಾರಿ ಮಾಡಿಕೊಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದರಷ್ಟು ಮದುವೆಗಳು ನೆಂಟರೊಳಗೇ ಆಗುತ್ತವೆ. ಸೋದರಮಾವನನ್ನು ಕಟ್ಟಿಕೊಂಡ ಹೆಣ್ಣೊಬ್ಬಳು ಕೋಷ್ಟಕಕ್ಕೆ ಹೊಂದದ ಮಗುವನ್ನು ಹೆತ್ತರೆ, ಅನುಮಾನ ಪಡುವ ಮೊದಲು ಆ ಮದುವೆ ಎಂಥದೆಂದು ಯೋಚಿಸುವವರು ಎಷ್ಟು ಮಂದಿ?

ಡಿಎನ್‌ಎ ಪರೀಕ್ಷೆಗೆ ಈ ದೌರ್ಬಲ್ಯವಿಲ್ಲ. ನಮ್ಮ ಕೋಶಗಳಲ್ಲಿ ಚಿಕ್ಕ ಅಕ್ಷರಗುಚ್ಛಗಳು ಮತ್ತೆ ಮತ್ತೆ ಬರುವ ತಾಣಗಳಿವೆ. ಪ್ರತಿ ತಾಣದಲ್ಲೂ ಒಂದು ಎಣಿಕೆ ತಾಯಿಯಿಂದ, ಒಂದು ತಂದೆಯಿಂದ. ಇಂಥ ಇಪ್ಪತ್ತರ ಆಸುಪಾಸಿನ ತಾಣಗಳನ್ನು ಓದಿ, ಮಗುವಿನಲ್ಲಿ ತಾಯಿಯದಲ್ಲದ ಎಣಿಕೆಗಳು ಆ ಗಂಡಸಿನಲ್ಲಿ ಇವೆಯೇ ಎಂದು ನೋಡುತ್ತಾರೆ. ವರದಿಯಲ್ಲಿ 99.99 ಎಂಬ ಸಂಖ್ಯೆ ಬರುವುದು ಹೀಗೆ. ಆದರೂ ಆ ಸಂಖ್ಯೆ ತಾನಾಗಿ ಆಕಾಶದಿಂದ ಇಳಿದದ್ದಲ್ಲ. ಪ್ರತಿ ಎಣಿಕೆಯೂ ಜನಸಮುದಾಯದಲ್ಲಿ ಎಷ್ಟು ಸಾಮಾನ್ಯ ಎಂಬ ಅಂದಾಜಿನ ಮೇಲೆ ಅದು ನಿಂತಿದೆ, ಸಂಬಂಧವಿಲ್ಲದ ಇಬ್ಬರು ಗಂಡಸರ ನಡುವಿನ ಆಯ್ಕೆ ಎಂಬ ಊಹೆಯ ಮೇಲೆ ನಿಂತಿದೆ. ಅಣ್ಣತಮ್ಮಂದಿರ ನಡುವೆ ಆರಿಸಬೇಕಾದಾಗ ಅದೇ ಲೆಕ್ಕ ಬೇರೆಯಾಗುತ್ತದೆ. ಒಂದು ತಾಣದಲ್ಲಿ ಹೊಂದಿಕೆ ತಪ್ಪಿದ ಮಾತ್ರಕ್ಕೆ ತಂದೆಯಲ್ಲ ಎಂದು ಹೇಳುವಂತಿಲ್ಲ, ವಂಶವಾಹಿ ದಾಟಿಬರುವಾಗಲೇ ಎಣಿಕೆ ಬದಲಾಗಿರಬಹುದು. ಇದನ್ನೆಲ್ಲ ತಿಳಿದು ಓದುವ ತಜ್ಞರು ಬೇಕು. ಮೇಲಾಗಿ, ಕೊಳವೆಯಲ್ಲಿರುವ ರಕ್ತ ಯಾರದೆಂದು ಯಂತ್ರ ಹೇಳುವುದಿಲ್ಲ, ಅದನ್ನು ಹೇಳಬೇಕಾದದ್ದು ಮೇಲಿನ ಚೀಟಿ ಮತ್ತು ಸಹಿ.

ಕಾನೂನು ಈ ವಿಷಯದಲ್ಲಿ ವಿಜ್ಞಾನಕ್ಕಿಂತ ಹಳೆಯದು. ವಿವಾಹಬಂಧನ ಇರುವಾಗ, ಅಥವಾ ಅದು ಮುಗಿದು 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಇರುವಾಗ ಹುಟ್ಟಿದ ಮಗು ಆ ಗಂಡನದೇ ಎಂದು 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಂ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 116ನೇ ಕಲಂ ಆಗಿ ಮುಂದುವರಿದಿದೆ. ಗರ್ಭ ನಿಂತ ಕಾಲದಲ್ಲಿ ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಬಿಡುಗಡೆ. ಕೇಳಿದವರಿಗೆಲ್ಲ ರಕ್ತ ಪರೀಕ್ಷೆಗೆ ಆದೇಶ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. 2014ರಲ್ಲಿ ಮಾತ್ರ, ಪರೀಕ್ಷೆಯ ಫಲ ಕೈಯಲ್ಲಿದ್ದ ಒಂದು ಪ್ರಕರಣದಲ್ಲಿ, ಕಾನೂನಿನ ಊಹೆಗಿಂತ ವಿಜ್ಞಾನದ ಸತ್ಯ ಮೇಲು ಎಂದು ಗಂಡನನ್ನು ಜೀವನಾಂಶದ ಹೊಣೆಯಿಂದ ಬಿಡಿಸಿತು. 2023ರ ಫೆಬ್ರವರಿಯಲ್ಲಿ ಪುಣೆಯ ದಂಪತಿಯ ಪ್ರಕರಣ ಬಂದಾಗ ತೂಕ ಮಗುವಿನ ಕಡೆಗೆ ವಾಲಿತು. ಗಂಡ ಖಾಸಗಿಯಾಗಿ ಪರೀಕ್ಷೆ ಮಾಡಿಸಿ, ಮಗು ತನ್ನದಲ್ಲ ಎಂಬ ವರದಿಯೊಂದಿಗೇ ಬಂದಿದ್ದ. ನ್ಯಾಯಮೂರ್ತಿಗಳಾದ ವಿ. ರಾಮಸುಬ್ರಮಣಿಯನ್ ಮತ್ತು ನಮ್ಮ ಹೈಕೋರ್ಟಿನಿಂದ ಹೋದ ಬಿ.ವಿ. ನಾಗರತ್ನ ಅವರ ಪೀಠ ಮಗುವನ್ನು ಪರೀಕ್ಷೆಗೆ ಒಡ್ಡಲು ಒಪ್ಪಲಿಲ್ಲ. ಹೆಂಡತಿಯ ನಡತೆಯ ಬಗ್ಗೆ ಆರೋಪವಿದ್ದರೆ ಅದಕ್ಕೆ ಬೇರೆ ಸಾಕ್ಷ್ಯ ತರಬಹುದು. ಆ ವ್ಯಾಜ್ಯದಲ್ಲಿ ಪಕ್ಷವೇ ಅಲ್ಲದ ಮಗುವಿನ ಹುಟ್ಟನ್ನು ಸಾಕ್ಷಿಕಟ್ಟೆಗೆ ಎಳೆಯುವುದು ಸಲ್ಲದು ಎಂಬುದು ಆ ತೀರ್ಪಿನ ಸಾರ. ಇದು ನ್ಯಾಯವಾದ ನಿಲುವು ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ತನ್ನದಲ್ಲದ ಮಗುವನ್ನು ತನ್ನದೆಂದು ನಂಬಿ ವರ್ಷಗಟ್ಟಲೆ ಸಾಕುವ ಗಂಡಸಿಗೆ ಮೋಸವಾಗಿಲ್ಲವೇ, ಸತ್ಯ ತಿಳಿಯುವ ಹಕ್ಕು ಅವನಿಗಿಲ್ಲವೇ ಎಂದು ಕೇಳುತ್ತಾರೆ. ಮೋಸವಾಗಿದ್ದರೆ ಅದು ನಿಜವಾದ ಮೋಸ, ಅವನ ನೋವೂ ನಿಜ. ಆದರೆ ಮೋಸ ಮಾಡಿದ್ದು ಮಗುವಲ್ಲ. ಗಂಡ ಹೊರದೇಶದಲ್ಲಿದ್ದ, ಜೈಲಿನಲ್ಲಿದ್ದ, ದಂಪತಿ ಬೇರೆಬೇರೆ ಇದ್ದರು ಎಂಬಂಥ ಆಧಾರವಿದ್ದರೆ ಕಾನೂನೇ ಬಾಗಿಲು ತೆರೆದಿಟ್ಟಿದೆ. ಆಧಾರವಿಲ್ಲದೆ, ಮುಖ ಹೋಲುವುದಿಲ್ಲ, ಕಾರ್ಡಿನ ಗುಂಪು ಕೂಡುವುದಿಲ್ಲ ಎಂಬಷ್ಟಕ್ಕೇ ಹತ್ತು ವರ್ಷದ ಮಗುವಿಗೆ ಸೂಜಿ ಚುಚ್ಚಿದರೆ, ಫಲ ಏನೇ ಬಂದರೂ ಅಪ್ಪ ನನ್ನನ್ನು ಅನುಮಾನಿಸಿದ ಎಂಬುದು ಆ ಮಗುವಿಗೆ ಗೊತ್ತಾಗಿಬಿಡುತ್ತದೆ. 99.99 ಬಂದರೂ ಆ ಗಾಯ ಮಾಯದು. ಜೀವನಾಂಶದ ಎಷ್ಟೋ ಅರ್ಜಿಗಳಲ್ಲಿ ಪರೀಕ್ಷೆಯ ಬೇಡಿಕೆಯ ಹಿಂದೆ ಸತ್ಯದ ಹಸಿವಿಗಿಂತ ಹಣ ಕೊಡುವುದನ್ನು ಮುಂದೂಡುವ ತಂತ್ರವೇ ಇರುತ್ತದೆ ಎಂಬುದನ್ನೂ ಮರೆಯಬಾರದು.

ನ್ಯಾಯಾಲಯ ಮುಚ್ಚಿದ ಬಾಗಿಲನ್ನು ಮಾರುಕಟ್ಟೆ ತೆರೆದಿಟ್ಟಿದೆ ಎಂಬುದೇ ಇಂದಿನ ಕಷ್ಟ. ಕೆನ್ನೆಯ ಒಳಬದಿಯ ಸ್ವಾಬ್, ಬುಡಸಮೇತ ಕಿತ್ತ ಕೂದಲು, ಹಲ್ಲುಜ್ಜುವ ಬ್ರಷ್ ಕಳಿಸಿದರೆ ಮನಶ್ಶಾಂತಿಯ ವರದಿ ಕೊಡುತ್ತೇವೆ ಎನ್ನುವ ಸೇವೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ತಾಯಿಗೆ ತಿಳಿಸದೆ, ಸ್ನಾನದ ಮನೆಯಿಂದ ಮಗುವಿನ ಬ್ರಷ್ ಎತ್ತಿಕೊಂಡು ಹೋಗಿ ಮಾಡಿಸಿದ ಪರೀಕ್ಷೆಗೆ ನ್ಯಾಯಾಲಯದಲ್ಲಿ ಬೆಲೆ ಇಲ್ಲದಿರಬಹುದು, ಮನೆಯನ್ನು ಒಡೆಯಲು ಅಷ್ಟು ಸಾಕು. ಇದನ್ನು ತಡೆಯಲಾಗದು, ತಂತ್ರಜ್ಞಾನ ಬಂದಾಯಿತು ಎನ್ನುವವರು ಹೊರಗೆ ನೋಡಲಿ. ಫ್ರಾನ್ಸ್‌ನಲ್ಲಿ ನ್ಯಾಯಾಲಯದ ಆದೇಶವಿಲ್ಲದೆ ಪಿತೃತ್ವ ಪರೀಕ್ಷೆ ಮಾಡಿಸುವುದೇ ಅಪರಾಧ. ಬ್ರಿಟನ್ನಿನ 2004ರ ಮಾನವ ಅಂಗಾಂಶ ಕಾಯ್ದೆಯ ಪ್ರಕಾರ, ಒಪ್ಪಿಗೆಯಿಲ್ಲದೆ ಒಬ್ಬರ ಡಿಎನ್‌ಎ ವಿಶ್ಲೇಷಿಸುವ ಉದ್ದೇಶದಿಂದ ಅವರ ಕೂದಲೋ ಉಗುರೋ ಇಟ್ಟುಕೊಂಡರೂ ಶಿಕ್ಷೆ. ನಮ್ಮಲ್ಲಿ ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, 2023ರಲ್ಲಿ ಸರ್ಕಾರವೇ ಅದನ್ನು ಹಿಂಪಡೆಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಪ್ರಕರಣ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಆ ಹಕ್ಕು ದೊಡ್ಡವರ ಆಧಾರ್ ಸಂಖ್ಯೆಗೆ ಇರುವುದಾದರೆ, ಮಾತೂ ಬಾರದ ಮಗುವಿನ ವಂಶವಾಹಿಗೆ ಇನ್ನೂ ಹೆಚ್ಚಾಗಿ ಇರಬೇಕು.

ಹಾಗಾದರೆ ಮಗುವೇ ಕೇಳಿದರೆ? ಆಗ ಉತ್ತರ ಬೇರೆ. ಭಾರತದಲ್ಲಿ ಡಿಎನ್‌ಎ ಸಾಕ್ಷ್ಯ ಮೊದಲು ನಿಂತದ್ದೇ ಕಾಸರಗೋಡಿನ ಆಚೆಯ ತಲಶ್ಶೇರಿಯ ಒಂದು ಪಿತೃತ್ವದ ಪ್ರಕರಣದಲ್ಲಿ. ಮದುವೆಯಾಗದ ತಾಯಿಯ ಮಗುವಿಗೆ ಜೀವನಾಂಶ ಕೊಡಲು ಒಲ್ಲದ ಗಂಡಸನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಲಾಲ್‌ಜಿ ಸಿಂಗ್ ಅವರ ಪರೀಕ್ಷೆ ತಂದೆ ಎಂದು ತೋರಿಸಿತು, 1991ರಲ್ಲಿ ಕೇರಳ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2012ರಲ್ಲಿ ರೋಹಿತ್ ಶೇಖರ್ ತನ್ನ ತಂದೆ ರಾಜಕಾರಣಿ ಎನ್.ಡಿ. ತಿವಾರಿ ಎಂದು ಸಾಧಿಸಿದ್ದೂ ಹೀಗೆಯೇ, ಬೆಳೆದ ಮಗನೇ ಮುಂದೆ ನಿಂತು ಕೇಳಿದ ಪ್ರಶ್ನೆ ಅದು. 2025ರ ಜನವರಿಯಲ್ಲಿ ಮಾತ್ರ ಸುಪ್ರೀಂ ಕೋರ್ಟ್ ಕೇರಳದ ಯುವಕನೊಬ್ಬನ ಇಂಥದೇ ಬೇಡಿಕೆಯನ್ನು ತಿರಸ್ಕರಿಸಿತು. ತಾಯಿಯ ವಿವಾಹ ಊರ್ಜಿತವಾಗಿದ್ದ ಕಾಲದಲ್ಲಿ ಹುಟ್ಟಿದ್ದರಿಂದ ಆಕೆಯ ಗಂಡನೇ ತಂದೆ, ಬೇರೊಬ್ಬನ ಖಾಸಗಿತನಕ್ಕೆ ಕೈಹಾಕಲಾಗದು ಎಂದಿತು. ಇಲ್ಲಿ ನನ್ನ ಅಭಿಪ್ರಾಯ ನ್ಯಾಯಾಲಯದಿಂದ ಸ್ವಲ್ಪ ಬೇರೆ. ಹದಿನೆಂಟು ದಾಟಿದ ವ್ಯಕ್ತಿ ತನ್ನ ಮೂಲವನ್ನು ತಾನೇ ಕೇಳಿದಾಗ, ಆಸ್ತಿ ಹಕ್ಕಿನ ಪ್ರಶ್ನೆಯನ್ನು ಬದಿಗಿಟ್ಟಾದರೂ, ಅವನಿಗೆ ಉತ್ತರ ಪಡೆಯುವ ದಾರಿ ಇರಬೇಕು. ಆನುವಂಶಿಕ ಕಾಯಿಲೆಗಳ ದೃಷ್ಟಿಯಿಂದಲೂ ಇದು ಅಗತ್ಯ.

ನಿಜವಾಗಿ ಈ ಪರೀಕ್ಷೆಗಾಗಿ ಕಾಯುತ್ತಿರುವವರು ಬೇರೆ: ಅಪರಾಧಗಳಿಗೆ ಬಲಿಯಾದವರು, ಗುರುತಿಲ್ಲದ ಶವಗಳ ಬಂಧುಗಳು. ಬಿಟಿಎಂ ಬಡಾವಣೆಗೆ ಹೊಂದಿಕೊಂಡ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಒಂದು ಕಾಲದಲ್ಲಿ ಮಂಪರು ಪರೀಕ್ಷೆಯಿಂದ ದೇಶದಲ್ಲೆಲ್ಲ ಸುದ್ದಿಯಾಗಿದ್ದ ಸಂಸ್ಥೆ ಇದು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ಸಂವಿಧಾನಬಾಹಿರ ಎಂದಿತು, ಅದೇ ತೀರ್ಪಿನಲ್ಲಿ ಡಿಎನ್‌ಎ ಹೋಲಿಕೆಗೆಂದು ಪಡೆಯುವ ದೈಹಿಕ ಮಾದರಿಯನ್ನು ಬೇರೆಯಾಗಿ ಕಂಡಿತು. ರಾಜ್ಯದ ಮೂಲೆಮೂಲೆಯಿಂದ ಅರಗಿನ ಮೊಹರು ಹಾಕಿದ ಲಕೋಟೆಗಳು ಇಲ್ಲಿಗೆ ಬರುತ್ತವೆ. ಹಿಂದೆಲ್ಲ ವರದಿ ಹೇಳುತ್ತಿದ್ದದ್ದು ಮನುಷ್ಯರ ರಕ್ತ, ಒ ಗುಂಪು ಎಂಬಷ್ಟು. ನಮ್ಮಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಒ ಗುಂಪಿನವರು, ಕೋಟಿ ದಾಟಿದ ಈ ಊರಿನಲ್ಲಿ ಅಂಥವರು ನಲವತ್ತು ಲಕ್ಷಕ್ಕೂ ಹೆಚ್ಚು. ಇಂದು ಒಂದು ಬಟ್ಟೆಯ ಕಲೆ ವರ್ಷಗಳ ನಂತರವೂ ಒಬ್ಬನ ಹೆಸರು ಹೇಳಬಲ್ಲದು. ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ ಅತ್ಯಾಚಾರ ಪ್ರಕರಣದಲ್ಲಿ ಸೀರೆಯ ಮೇಲೆ ಸಿಕ್ಕ ಡಿಎನ್‌ಎ ಮುಖ್ಯ ಸಾಕ್ಷ್ಯಗಳಲ್ಲೊಂದಾಗಿತ್ತು, ಮೇಲ್ಮನವಿ ಹೈಕೋರ್ಟಿನಲ್ಲಿದೆ.

ಆದರೆ ಕಲೆ ಮಾತಾಡಬೇಕಾದರೆ ಮೊದಲು ಅದು ಉಳಿಯಬೇಕು. ಒದ್ದೆ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿದು ಡಿಎನ್‌ಎ ಕೊಳೆಯುತ್ತದೆ. ಈ ಸಣ್ಣ ತಿಳಿವಳಿಕೆ ಎಲ್ಲ ಠಾಣೆಗಳಲ್ಲೂ ಇದೆಯೇ? ಮಾದರಿಗಳು 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಆದೇಶಿಸಬೇಕಾಗಿ ಬಂತೆಂದರೆ ಪರಿಸ್ಥಿತಿ ಹೇಗಿತ್ತೆಂದು ಊಹಿಸಬಹುದು. ಮಂಗಳೂರು ಇದಕ್ಕಿಂತ ಕಹಿಯಾದ ಪಾಠ ಕಲಿತಿದೆ. 2010ರ ಮೇ 22ರ ವಿಮಾನ ದುರಂತದಲ್ಲಿ 158 ಜನ ಸತ್ತರು. ಅವರಲ್ಲಿ ಕಾಸರಗೋಡಿನ, ಕರಾವಳಿಯ ಕುಟುಂಬಗಳವರೇ ಬಹಳ. ಬಂಧುಗಳು ಗುರುತಿಸಿದೆವು ಎಂದ ದೇಹಗಳನ್ನು ಮೊದಲು ಒಪ್ಪಿಸಿ, ಉಳಿದವುಗಳಿಗೆ ಆಮೇಲೆ ಡಿಎನ್‌ಎ ಮಾಡಿಸಲಾಯಿತು. ಕೊನೆಗೂ 12 ದೇಹಗಳು ಯಾರ ಮಾದರಿಗೂ ಹೊಂದಲಿಲ್ಲ, ಕೂಳೂರಿನ ಬಳಿ ಅವನ್ನು ಮಣ್ಣು ಮಾಡಬೇಕಾಯಿತು. ಕಣ್ಣೀರಿನ ಕಣ್ಣಿಂದ ಗುರುತಿಸಿದವರನ್ನು ದೂರುವಂತಿಲ್ಲ. ಪರೀಕ್ಷೆ ಮೊದಲು, ಹಸ್ತಾಂತರ ಆಮೇಲೆ ಎಂಬ ನಿಯಮ ಇರಬೇಕಿತ್ತು.

ಹಾಗಾದರೆ ಎಲ್ಲರ ಡಿಎನ್‌ಎ ಒಂದೆಡೆ ಕೂಡಿಟ್ಟರೆ ಮಗು ಕಳ್ಳತನವೂ ಅತ್ಯಾಚಾರವೂ ಬೇಗ ಬಯಲಾಗುತ್ತವಲ್ಲ ಎಂಬ ಮಾತು ಬರುತ್ತದೆ. ಅದನ್ನು ನಾನು ಒಪ್ಪಲಾರೆ. 2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಈಗಾಗಲೇ ಪೊಲೀಸರಿಗೆ ಜೈವಿಕ ಮಾದರಿ ಪಡೆಯುವ ಅಧಿಕಾರ ಕೊಟ್ಟು, ದಾಖಲೆಗಳನ್ನು 75 ವರ್ಷ ಇಡಲು ಅವಕಾಶ ಮಾಡಿದೆ. ಬೆರಳಚ್ಚು ಒಬ್ಬನದು, ಡಿಎನ್‌ಎ ಅವನ ತಾಯಿ, ಅಣ್ಣ, ಮಕ್ಕಳದೂ ಹೌದು. ಇರುವ ಮಾದರಿಗಳನ್ನೇ ಕಾಲಕ್ಕೆ ಸರಿಯಾಗಿ ಪರೀಕ್ಷಿಸಲು ಸಾಕಷ್ಟು ಕೈಗಳಿಲ್ಲದ ಕಡೆ, ನಿರಪರಾಧಿಗಳ ಮಾದರಿ ಗುಡ್ಡೆ ಹಾಕಿ ಸಾಧಿಸುವುದೇನು?

ರಾಜ್ಯ ಸರ್ಕಾರ ಎರಡು ಕೆಲಸವನ್ನು ಈಗಲೇ ಮಾಡಬಹುದು. ಮಡಿವಾಳದ ಡಿಎನ್‌ಎ ವಿಭಾಗಕ್ಕೂ ಜಿಲ್ಲೆಗಳ ಪ್ರಯೋಗಾಲಯಗಳಿಗೂ ಕಾಯಂ ತಜ್ಞರನ್ನು ನೇಮಿಸಿ, ಮಕ್ಕಳ ಮೇಲಿನ ಅಪರಾಧ, ಕಳುವಾದ ಮಕ್ಕಳು, ಗುರುತಿಲ್ಲದ ಶವಗಳ ಮಾದರಿಗಳನ್ನು ಸಾಲಿನ ಮೊದಲಿಗೆ ತರಲಿ. ಹದಿನೆಂಟು ತುಂಬದ ಯಾರ ಪಿತೃತ್ವ ಪರೀಕ್ಷೆಯನ್ನೂ ನ್ಯಾಯಾಲಯದ ಆದೇಶವಿಲ್ಲದೆ ಯಾವ ಖಾಸಗಿ ಲ್ಯಾಬೂ ಮಾಡಕೂಡದು ಎಂಬ ನಿಯಮ ತರಲಿ, ಸಂಸತ್ತಿಗೂ ಅದನ್ನೇ ಒತ್ತಾಯಿಸಲಿ. ಇನ್ನು ಓದುಗರಲ್ಲಿ ಒಂದು ಮಾತು: ಮಗುವಿನ ರಕ್ತದ ಗುಂಪು ನಿಮ್ಮ ಲೆಕ್ಕಕ್ಕೆ ಕೂಡದಿದ್ದರೆ ಮನೆಯಲ್ಲಿ ದನಿ ಎತ್ತಬೇಡಿ. ಮೂವರೂ ಒಂದು ಒಳ್ಳೆಯ ರಕ್ತನಿಧಿಗೆ ಹೋಗಿ, ಎಚ್ ಪರೀಕ್ಷೆ ಸೇರಿಸಿ ಗುಂಪನ್ನು ಮತ್ತೊಮ್ಮೆ ನೋಡಿಸಿ. ಬಾಂಬೆ ಗುಂಪಿನವರು ಮನೆಯಲ್ಲಿದ್ದರೆ ಅದು ತಿಳಿದಿರಲೇಬೇಕು. ಅಂಥವರಿಗೆ ಒ ರಕ್ತ ಕೊಟ್ಟರೂ ಪ್ರಾಣಕ್ಕೆ ಅಪಾಯ.